ಒಂದು ಆರ್ಡರಿಗೆ ಮೂರು ಟೆಂಪೊ

ಬೈಲಹೊಂಗಲದ ಸೋಮಪ್ಪನವರ ದನದ ಹಿಂಡಿ ಅಂಗಡಿಯಲ್ಲಿ ರಂಜನಾ ಹನ್ನೊಂದು ವರ್ಷ ಬಿಲ್ಲು ಬರೆದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನ ಪಾಠ ಕೇಳಿ ಪ್ರೋಗ್ರಾಮ್ ಬರೆಯುವುದನ್ನೂ ಕಲಿತಳು. ಕಿತ್ತೂರು, ಸವದತ್ತಿ, ರಾಮದುರ್ಗದ ಅಂಗಡಿಗಳ ಆರ್ಡರುಗಳಿಗೆಂದು ಹುಬ್ಬಳ್ಳಿಯ ಕಂಪನಿಯೊಂದು ಕೊಟ್ಟಿದ್ದ ಸಾಫ್ಟ್‌ವೇರ್ ಒಂದೇ ಸೂರಿನಡಿ ಎಲ್ಲ ಇರುವ ಹಳೆಯ ವಾಡೆಯ ಹಾಗಿತ್ತು. ಅಡುಗೆಮನೆಯಲ್ಲಿ ಹೊಗೆ ಎದ್ದರೆ ದೇವರಕೋಣೆಯವರೂ ಹೊರಗೆ ಓಡಬೇಕು. ರಂಜನಾ ಎಂಟು ತಿಂಗಳು ಕುಳಿತು ಅದನ್ನು ಬಿಡಿಬಿಡಿ ಮಾಡಿದಳು. ಆರ್ಡರ್ ಹಿಡಿಯಲು ಒಂದು ಸಣ್ಣ ಪ್ರೋಗ್ರಾಮ್, ಗೋದಾಮಿಗೆ ಒಂದು, ಬಿಲ್ಲಿಗೆ ಇನ್ನೊಂದು.

"ಇವು ಒಂದಕ್ಕೊಂದು ಮಾತಾಡೂದು ಹೆಂಗವಾ?" ಎಂದರು ಸೋಮಪ್ಪ.

"ನೇರ ಮಾತಾಡೂದಿಲ್ರಿ ಸಾವ್ಕಾರ್ರ. ಒಂದೊಂದರ ಮಗ್ಗಲಕ್ಕ ಒಬ್ಬೊಬ್ಬ ದಲಾಲನ್ನ ಕುಂದ್ರಿಸೇನಿ, ಅಂವನೂ ಒಂದು ಪ್ರೋಗ್ರಾಮ್‌ನರಿ. ದನದ ಸಂತ್ಯಾಗ ಟಾವೆಲ್ ಕೆಳಗ ಬೆರಳ ಹಿಡದು ಯಾಪಾರ ಮಾಡತಾರಲ್ರಿ, ಹಂಗ. ಹೊರಗಿನವ್ರಿಗೆ ತಿಳಿಯಂಗಿಲ್ಲ. ಉತ್ತರ ಬರಲಿಲ್ಲಂದ್ರ ಮತ್ತ ಹೋಗಿ ಕೇಳೂದೂ ದಲಾಲರ ಕೆಲಸ. ಅವ್ರಿಗೆಲ್ಲಾ ಅಪ್ಪಣೆ ಒಂದ ಕಡಿಂದ ಹೋಗತೈತಿ. ಇದಕ್ಕ ಸರ್ವಿಸ್ ಮೆಶ್ ಅಂತಾರ್ರಿ."

"ದಲಾಲಿ ಎಷ್ಟ ತಗೋತಾರ?"

"ಏನೂ ಇಲ್ರಿ."

ದಲಾಲಿ ತೆಗೆದುಕೊಳ್ಳದ ದಲಾಲನನ್ನು ಸೋಮಪ್ಪ ನಲವತ್ತು ವರ್ಷದ ವ್ಯಾಪಾರದಲ್ಲಿ ಕಂಡಿರಲಿಲ್ಲ. "ಒಂದ ತಿಂಗಳ ನೋಡೂಣು. ಎಡವಿತಂದ್ರ ಹುಬ್ಬಳ್ಳಿಯವ್ರು ವಾಪಸ್, ನೀ ಬಿಲ್ಲಿಗೆ ವಾಪಸ್," ಎಂದರು.

ಉತ್ತರ ಬರದಿದ್ದರೆ ಎಷ್ಟು ಸಲ ಕೇಳಬೇಕು? ರಂಜನಾ ಇದಕ್ಕೆ ಪುಸ್ತಕ ನೋಡಲಿಲ್ಲ, ಮನೆಯ ರಿವಾಜು ನೋಡಿದಳು. ಈ ಸೀಮೆಯಲ್ಲಿ ಊಟಕ್ಕೆ ಒಂದೇ ಸಲ ಕರೆದರೆ ಮರ್ಯಾದಸ್ಥರು ಏಳುವುದಿಲ್ಲ. ಎರಡನೆಯ ಕರೆಗೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾರೆ, ಮೂರನೆಯದಕ್ಕೆ "ಹೊಟ್ಟಿ ತುಂಬೈತಿ" ಎನ್ನುತ್ತ ಏಳುತ್ತಾರೆ. ಎರಡು ಸೆಕೆಂಡು ಕಾಯಿರಿ, ಒಟ್ಟು ಮೂರು ಸಲ ಕೇಳಿರಿ ಎಂದು ದಲಾಲರಿಗೆಲ್ಲ ಅಪ್ಪಣೆ ಬರೆದಳು.

ಹದಿನೆಂಟನೆಯ ದಿನ ಮಧ್ಯಾಹ್ನ ರಾಮದುರ್ಗದ ಅಂಗಡಿಯ ತಾಯವ್ವನ ಫೋನು.

"ಏನವಾ ರಂಜನಾ, ನಿಮ್ಮ ಸಾವ್ಕಾರನ ತಲಿ ಕೆಟ್ಟೈತೇನ? ಅರವತ್ತ ಚೀಲ ಹೇಳಿದ್ರ ಮೂರ ಟೆಂಪೊ ಬಂದು ನಿಂತಾವ! ಒಂದೊಂದರಾಗೂ ಅರವತ್ತ! ನನ್ನ ಅಂಗಡಿ ಬಾಗಲಾನ ಕಾಣವಲ್ದು!"

ಫೋನಿನ ಕೂಗು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಸೋಮಪ್ಪನವರಿಗೂ ಕೇಳಿಸಿತ್ತು. ಅವರು ಗೋದಾಮಿನ ಸತ್ಯಪ್ಪನನ್ನು ಕರೆಸಿದರು. ಇಪ್ಪತ್ತು ವರ್ಷದಿಂದ ಗಾಡಿ ತುಂಬಿಸುವವನು ಅವನು.

"ಕಂಪ್ಯೂಟರದಾಗಿಂದ ಮೂರ ಚೀಟಿ ಬಂದುವ್ರಿ, ಮೂರ ಗಾಡಿ ತುಂಬಿಸಿದೆ. ಚೀಟಿ ಬಂದ ಮ್ಯಾಲ ಬಾಯಿ ಬಿಡಬ್ಯಾಡ ಅಂತ ನೀವ ಹೇಳೀರಿ."

"ಅದರಾಗ ಎರಡ ಗಾಡಿ ನಿನ್ನ ಅಳ್ಯಾಂದು! ಬಾಡಿಗಿ ಆಸೆಕ್ಕ ಚೀಟಿ ನೀನ ತಗಸಿರಬೇಕು. ಸತ್ಯಪ್ಪ, ನಾ ಹಿಂಡಿ ಮಾರತೇನಿ, ತಿನ್ನೂದಿಲ್ಲ. ನಾಳಿಂದ ಗೋದಾಮಿಗೆ ಬರಬ್ಯಾಡ."

ಸತ್ಯಪ್ಪ ಹೊರಗೆ ಹೋಗಿ ಚೀಲದ ಮೇಲೆ ಕುಳಿತ.

ದಲಾಲರು ಯಾರ ಬಾಗಿಲಿಗೆ ಎಷ್ಟು ಸಲ ಹೋದರು ಎಂಬುದನ್ನು ಮೆಶ್ ಬರೆದಿಡುತ್ತದೆ. ರಂಜನಾ ಅದನ್ನು ತೆರೆದು ನೋಡಿದಳು. ಬೆಳಿಗ್ಗೆ ಒಂಬತ್ತು ಗಂಟೆ ಏಳು ನಿಮಿಷಕ್ಕೆ ಆರ್ಡರಿನ ದಲಾಲ ಅರವತ್ತು ಚೀಲ ಕೇಳಿದ್ದ. ಗೋದಾಮಿನ ಪ್ರೋಗ್ರಾಮ್ ಲೆಕ್ಕದಿಂದ ಚೀಲ ಕಳೆದು ಗಾಡಿ ತುಂಬಿಸುವ ಚೀಟಿಯನ್ನೂ ಬರೆದಿತ್ತು, ಆದರೆ ಅದರ ಉತ್ತರ ನಿಧಾನವಾಗಿ ಹೊರಟಿತ್ತು. ಎರಡು ಸೆಕೆಂಡಿಗೆ ದಲಾಲ ಮತ್ತೆ ಕೇಳಿದ, ಮತ್ತೆ ಅರವತ್ತು. ಮೂರನೆಯ ಸಲವೂ ಅದೇ. ಮೂರು ಸಲ ಕರೆದರೂ ಮನುಷ್ಯ ಉಣ್ಣುವುದು ಒಂದೇ ಊಟ. ಕರೆ ಮೂರಾದರೂ ಎಲೆ ಒಂದೇ ಎಂದು ಉಣ್ಣುವವನಿಗೆ ಗೊತ್ತು. ಗೋದಾಮಿನ ಪ್ರೋಗ್ರಾಮಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಮೂರು ಎಲೆಗೂ ಕುಳಿತಿತ್ತು. ಯಾವುದೂ ಕೆಟ್ಟಿರಲಿಲ್ಲ. ಎಲ್ಲರೂ ಅವಳು ಹೇಳಿದ್ದನ್ನೇ ಮಾಡಿದ್ದರು.

ಆ ಪರದೆ ಓದಬಲ್ಲವರು ಬೈಲಹೊಂಗಲದಲ್ಲಿ ಬೇರೆ ಯಾರೂ ಇರಲಿಲ್ಲ. ತಿಂಗಳು ತುಂಬಲು ಹನ್ನೆರಡು ದಿನ ಬಾಕಿ. ಸುಮ್ಮನಿದ್ದರೆ ಎಂಟು ತಿಂಗಳ ಕೆಲಸ ಉಳಿಯುತ್ತಿತ್ತು. ರಂಜನಾ ಸುಮ್ಮನೇ ಕುಳಿತಳು. ಗಡಿಯಾರದಲ್ಲಿ ಅರ್ಧ ತಾಸು ಸರಿಯಿತು. ಆಮೇಲೆ ಎದ್ದಳು.

"ಸಾವ್ಕಾರ್ರ, ಸತ್ಯಪ್ಪಣ್ಣಂದೇನೂ ತಪ್ಪಿಲ್ರಿ. ತಪ್ಪು ನಂದು," ಎಂದು ಎಲ್ಲ ಬಿಡಿಸಿ ಹೇಳಿದಳು.

ಸೋಮಪ್ಪ ಚಷ್ಮಾ ತೆಗೆದು ಅವಳನ್ನೇ ನೋಡಿದರು. "ಬಿಟ್ಟಿ ದಲಾಲ ಅಂದಾಗನ ನನಗ ಸಂಶೆ ಬಂದಿತ್ತು. ಈಗೇನ ಮಾಡತಿ?"

"ಆರ್ಡರ್ ಹುಟ್ಟಿದ ಕೂಡ್ಲೆ ಅದಕ್ಕೊಂದು ನಂಬರ್ ಕೊಡತೇನ್ರಿ. ಅದ ನಂಬರ್ ಮತ್ತ ಬಂದ್ರ ಗೋದಾಮು ಹಳೇ ಚೀಟಿನ ತೋರಸತೈತಿ, ಹೊಸಾದು ಬರಿಯಂಗಿಲ್ಲ."

"ಮದಲ ಯಾಕ ಮಾಡಲಿಲ್ಲ?"

"ಗೊತ್ತಿದ್ದಿಲ್ರಿ."

ಸೋಮಪ್ಪ ಟೆಂಪೊ ಸುದ್ದಿಗಿಂತ ಇದಕ್ಕೆ ಹೆಚ್ಚು ಗಾಬರಿಯಾದರು. ಗೊತ್ತಿಲ್ಲ ಎಂಬ ಮಾತನ್ನು ಆ ಅಂಗಡಿಯಲ್ಲಿ ಈವರೆಗೆ ಯಾರೂ ಆಡಿರಲಿಲ್ಲ, ಅವರನ್ನೂ ಸೇರಿಸಿ.

"ಹುಬ್ಬಳ್ಳಿಯವ್ರಾಗಿದ್ರ ಇಷ್ಟ ಹೇಳಾಕ ಮೂರ ಮೀಟಿಂಗ್ ಮಾಡತಿದ್ರು," ಎಂದರು ಕೊನೆಗೆ. "ಮಾಡು, ನೀನ ಮಾಡು. ಆ ಸತ್ಯಪ್ಪಗ ನಾಳೆ ಲಗೂನ ಬಾ ಅನ್ನು."

ಕ್ಷಮೆ ಕೇಳುವುದರಲ್ಲಿ ಸೋಮಪ್ಪನವರು ಇದಕ್ಕಿಂತ ಮುಂದೆ ಹೋದದ್ದು ಯಾರಿಗೂ ನೆನಪಿಲ್ಲ.

ರಂಜನಾ ಹೊರಗೆ ಬಂದು ಹೇಳಿದಳು. ಸತ್ಯಪ್ಪ ಚೀಲದಿಂದ ಏಳಲಿಲ್ಲ.

"ತಂಗಿ, ನೀ ಸುಮ್ಮನಿದ್ದಿದ್ರ ಯಾರಿಗೆ ತಿಳೀತಿತ್ತವಾ?"

"ಅರ್ಧಾ ತಾಸು ಸುಮ್ಮನ ಇದ್ದೆ ಅಣ್ಣಾ."

ಸತ್ಯಪ್ಪ ಅವಳ ಮುಖವನ್ನು ದಿಟ್ಟಿಸಿ ನೋಡಿದ. ಆಮೇಲೆ ಎದ್ದು, ಮರಳಿ ಬರುವ ಎರಡು ಗಾಡಿಯ ಚೀಲಕ್ಕೆ ಜಾಗ ಮಾಡಲು ಗೋದಾಮಿನ ಕಡೆ ನಡೆದ.