ಕಬ್ಬಿಣಕ್ಕೂ ಕೂಗುವ ಯಂತ್ರ

ಪೆನ್ನಾಗರಂ ಬಸ್ಸಿನ ಕಂಡಕ್ಟರ್ ನಮ್ಮ ಸೋದರಮಾವನನ್ನು ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲೇ ಇಳಿಸಿಬಿಡುವವನಿದ್ದ.

ತಪ್ಪು ಅವನದಲ್ಲ. ಕಾಡುಗಳ್ಳನನ್ನು ಹುಡುಕಿಕೊಂಡು ಕಾಡಿನ ಕಡೆಯೆಲ್ಲ ಪೊಲೀಸ್ ಜೀಪು ಓಡಾಡುತ್ತಿರುವ ಕಾಲ. ಅಂಥದ್ದರಲ್ಲಿ ಒಬ್ಬ ಮನುಷ್ಯ ಉದ್ದನೆಯ ಕೊಳವೆ, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಚಕ್ರ, ಹೆಗಲಿಗೆ ವೈರು ಜೋತುಬಿದ್ದ ಡಬ್ಬಿ ಹಾಕಿಕೊಂಡು ಬಸ್ ಹತ್ತಿದರೆ ಯಾರು ತಾನೇ ಸುಮ್ಮನಿರುತ್ತಾರೆ?

"ಎನ್ನ ಸಾರ್ ಇದು, ಬಾಂಬಾ?" ಎಂದ.

"ಅಲ್ಲಪ್ಪಾ. ನೆಲದಾಗಿರೋ ಹಳೇ ಕಾಸು ಹುಡುಕೋ ಮಿಷನ್ನು," ಎಂದರು ಮಾವ.

ಕಂಡಕ್ಟರ್ ಒಮ್ಮೆ ಯಂತ್ರವನ್ನು ನೋಡಿದ, ಒಮ್ಮೆ ಮಾವನ ಸವೆದ ಚಪ್ಪಲಿಯನ್ನು ನೋಡಿದ. "ಕಾಸು ಹುಡುಕೋ ಮಿಷನ್ ಇಟ್ಕೊಂಡೂ ಟೌನ್ ಬಸ್ಸಾ?" ಎಂದು ಲಗೇಜ್ ಟಿಕೆಟ್ ಹರಿದುಕೊಟ್ಟ.

ಜೊತೆಗಿದ್ದ ನನಗೆ ಆ ಕಂಡಕ್ಟರ್ ಬಹಳ ಹಿಡಿಸಿದ. ಮಾವನ ಈ ಹುಚ್ಚಿನ ಬಗ್ಗೆ ನಾನು ಮನೆಯಲ್ಲಿ ಎಷ್ಟೋ ಸಲ ವಾದ ಮಾಡಿದ್ದೇನೆ. ಒಂದೇ ವಾಕ್ಯದಲ್ಲಿ ಮುಗಿಸಲು ಆಗಿರಲಿಲ್ಲ. (ಕಾಲೇಜಿನ ಡಿಬೇಟ್ ಟೀಮಿನಲ್ಲಿ ಪಳಗಿದವರಿಗೆ ಇದೊಂದು ಕಾಯಿಲೆ. ಎಲ್ಲ ವಾದಕ್ಕೂ ಮೂರು ಪಾಯಿಂಟ್ ಬೇಕು.)

ಮಾವ ಸೇಲಂ ಕೋರ್ಟಿನಲ್ಲಿ ಸ್ಟೆನೋ. ವಾರವಿಡೀ ವಕೀಲರ ಮಾತು ಕೇಳಿ ಕೇಳಿ ಬರೆದುಕೊಳ್ಳುವ ಕೆಲಸ. ಭಾನುವಾರ ಬಂತೆಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವುದಾದರೂ ಬಯಲಿಗೆ ಹೋಗಿಬಿಡುತ್ತಾರೆ. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಯಂತ್ರ ಅದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಸ್ವಿಚ್ ಹಾಕಿದರೆ ದುಂಬಿಯಂತೆ ಗುಂಯ್‌ಗುಡುತ್ತದೆ. ಕೆಳಗೆ ಲೋಹವಿದ್ದರೆ ಗುಂಯ್ ಎನ್ನುವುದು ಕುಂಯ್ ಆಗುತ್ತದೆ. ಅಷ್ಟೇ ಅದರ ಭಾಷೆ. ಬಿಸಿಲೇರಿದರೆ ಶ್ರುತಿ ತಪ್ಪುತ್ತದೆ, ಆಗ ಮಾವ ನಿಂತಲ್ಲೇ ತಲೆ ವಾಲಿಸಿ, ತಂಬೂರಿಯವರ ಹಾಗೆ ಒಂದು ಗುಬಟನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕು. ಮೊಮ್ಮಗುವನ್ನು ಮಲಗಿಸುವವರ ಮುಖ.

ನನ್ನ ತಕರಾರು ಇಷ್ಟು. ಆ ಯಂತ್ರಕ್ಕೆ ವಿವೇಕವಿಲ್ಲ. ತಾಮ್ರದ ಕಾಸಿಗೂ ಕೂಗುತ್ತದೆ, ತುಕ್ಕು ಹಿಡಿದ ಮೊಳೆಗೂ ಕೂಗುತ್ತದೆ. ಸಿಂಗಾಪುರದಿಂದ ಬರುವ ಹೊಸ ಮಾಡೆಲ್‌ಗಳಲ್ಲಿ ಒಂದು ಮುಳ್ಳಿರುತ್ತದಂತೆ, ಕಬ್ಬಿಣವಾದರೆ ಬಾಯೇ ಬಿಡುವುದಿಲ್ಲವಂತೆ.

"ಅದನ್ನ ತಗೊಳ್ಳಿ ಮಾವ. ಸುಮ್ಮನೆ ಮೊಳೆ ಅಗೆಯೋದು ತಪ್ಪುತ್ತೆ."

"ಅಗೆಯೋಕೆ ಮುಂಚೇನೇ ಏನೈತೆ ಅಂತ ಗೊತ್ತಾದ್ರೆ ಯಾಕೇ ಅಗೀಬೇಕು, ಲಾಯರಮ್ಮಾ?"

ಇದು ಉತ್ತರವೇ? ನೀವೇ ಹೇಳಿ.

ಆ ಭಾನುವಾರ ಹೋಗಿದ್ದು ಪೆನ್ನಾಗರಂ ಆಚೆಯ ಒಂದು ಹಳ್ಳಿಗೆ. ಅಲ್ಲಿ ಹೊಲಗಳ ಅಂಚಿನಲ್ಲಿ ಹಳೆಯ ಗಾಡಿದಾರಿಯೊಂದಿದೆ. ಗಾಡಿ ನಿಂತಲ್ಲಿ ಜನ ಇಳಿಯುತ್ತಾರೆ, ಇಳಿದಲ್ಲಿ ಮಡಿಲಿನಿಂದ ಕಾಸು ಜಾರುತ್ತದೆ ಎಂಬುದು ಮಾವನ ಸಿದ್ಧಾಂತ. ಹೊಲದ ಒಡತಿ ಮಾದಮ್ಮ. ಐವತ್ತು ದಾಟಿದ ಹೆಂಗಸು. ಮಾವ ಯಾವತ್ತೂ ಕೇಳದೆ ಯಾರ ನೆಲಕ್ಕೂ ಕಾಲಿಡುವವರಲ್ಲ. ಅಂದೂ ಕೇಳಿದರು. ಸಿಕ್ಕಿದ್ದನ್ನೆಲ್ಲ ನಿಮಗೆ ತೋರಿಸುತ್ತೇನೆ ಎಂದೂ ಹೇಳಿದರು. ಆಕೆ ತಲೆಯಾಡಿಸಿದಳು.

ಆದರೆ ಅವಳು ಕೇಳಿಸಿಕೊಂಡದ್ದು ಬೇರೆ, ನೋಡಿದ್ದು ಬೇರೆ. ಆ ಒಣಸೀಮೆಯಲ್ಲಿ ಒಬ್ಬ ಮನುಷ್ಯ ಕೈಯಲ್ಲಿ ಕೋಲು ಹಿಡಿದು, ನೆಲ ನೋಡುತ್ತ, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಹೊಲ ಸುತ್ತುತ್ತಾನೆ ಎಂದರೆ ಅರ್ಥ ಒಂದೇ. ಅವನು ನೀರು ನೋಡುವವನು.

ನಾವು ಹೋದ ಗಳಿಗೆಯೂ ಹಾಗೇ ಇತ್ತು. ಮಾರನೆಯ ಬೆಳಗ್ಗೆ ತಿರುಚೆಂಗೋಡಿನ ಕಡೆಯಿಂದ ಬೋರ್ ಲಾರಿ ಬರುವುದಿತ್ತು. ಜೋಡಿ ಎಮ್ಮೆ ಮಾರಿ ಹಾಕಿಸುತ್ತಿದ್ದ ಬೋರು. ಕೊರೆಯುವುದು ಒಂದೇ ಸಲ, ತಪ್ಪಿದರೆ ಮತ್ತೊಂದು ಸಲ ಇಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವ ಅಯ್ಯ ಒಬ್ಬರು ಬಂದು, ಕಾಯಿ ಎದ್ದು ನಿಂತ ಜಾಗವನ್ನು ಗುರುತು ಮಾಡಿ ಹೋಗಿದ್ದರು. ಅರಿಶಿನ ಬಳಿದ ಕಲ್ಲೊಂದು ಅಲ್ಲಿ ಕೂತಿತ್ತು.

ತೆಂಗಿನಕಾಯಿ ಎಂದರೆ ನಾನು ಬಿಡುತ್ತೇನೆಯೇ? "ಕಾಯಿಗೆ ನೀರು ಹೇಗಮ್ಮ ಗೊತ್ತಾಗುತ್ತೆ?" ಎಂದು ಶುರು ಮಾಡಿದೆ.

"ಅದರ ಒಳಗೆ ನೀರೈತಲ್ಲ ಮಗಾ," ಎಂದಳು ಮಾದಮ್ಮ. ಅದೂ ಗೊತ್ತಿಲ್ಲವೇ ಎನ್ನುವ ಹಾಗೆ.

ನಾನು ಎರಡನೆಯ ಪಾಯಿಂಟಿಗೆ ಬರುವಷ್ಟರಲ್ಲಿ ಹೊಲದ ಆಚೆ ಮೂಲೆಯಿಂದ ಕುಂಯ್ ಕೇಳಿಸಿತು. ಹೆಡ್‌ಫೋನ್ ತಲೆಯಿಂದ ಜಾರಿ ಮಾವನ ಕೊರಳಲ್ಲಿ ನೇತಾಡುತ್ತಿತ್ತು. ಮಾದಮ್ಮ ಓಡಿದಳು. ಹಿಂದೆಯೇ ಅವಳ ಮೈದುನ ಮುನಿಯ ಗುದ್ದಲಿ ಹಿಡಿದು ಓಡಿದ.

"ಇಲ್ಲಿ ಐತಾ ಸಾಮಿ?"

"ಇದು ನೀರು ನೋಡೋ ಮಿಷನ್ ಅಲ್ಲ ತಾಯಿ. ಕಬ್ಬಿಣ, ತಾಮ್ರ ಇಂಥದ್ದಕ್ಕೆ ಕೂಗ್ತದೆ."

"ಕೂಗ್ತಲ್ಲ?"

"ಕೂಗ್ತು. ಆದ್ರೆ ನೀರಿಗಲ್ಲ."

"ಅಗೆದು ನೋಡಾನ ಬಿಡಿ," ಎಂದ ಮುನಿಯ. ಮಾವನ ಸಿದ್ಧಾಂತವೂ ಅದೇ ತಾನೇ?

ಗೇಣುದ್ದ ಅಗೆದಾಗ ಸಿಕ್ಕಿದ್ದು ಎತ್ತಿನ ಲಾಳ. ಮುನಿಯ ನಕ್ಕ. ಪಕ್ಕದಲ್ಲಿ ಮತ್ತೆ ಕುಂಯ್: ತೂತಿನ ಕಾಸು, ಬ್ರಿಟಿಷರ ಕಾಲದ್ದು. ಮಾವ ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮಾದಮ್ಮನ ಕೈಗಿಟ್ಟರು. "ನಮ್ಮಜ್ಜಿ ಇದನ್ನ ಕೂಸಿನ ಉಡಿದಾರಕ್ಕೆ ಕಟ್ಟೋಳು," ಎಂದಳು. ಮತ್ತೆ ಕುಂಯ್: ಬಕೆಟ್ಟಿನ ಹಿಡಿ. ಮತ್ತೆ: ಕೊಂಡಿ. ಆಮೇಲೆ ಮೊಣಕೈ ಆಳದಲ್ಲಿ, ಮುನಿಯನ ನಗುವನ್ನೂ ನಿಲ್ಲಿಸಿದ ಒಂದು ವಸ್ತು. ಅರ್ಧ ಮುರಿದ ಕಬ್ಬಿಣದ ರಾಟೆ. ಹಗ್ಗ ಸವೆಸಿದ ಗೆರೆ ಇನ್ನೂ ಅದರ ಮೇಲಿತ್ತು.

ನಾನು ಸಿಕ್ಕ ಜಾಗಗಳನ್ನು ನೋಡಿದೆ. ಲಾಳ ಅಲ್ಲಿ, ಹಿಡಿ ಇಲ್ಲಿ, ರಾಟೆ ಆ ಕಡೆ. ಎಲ್ಲ ಸೇರಿ ಒಂದು ಸುತ್ತು.

"ಈ ಮೂಲೇಲಿ ಉಳಲ್ವಾ?" ಎಂದೆ.

"ಇಲ್ಲ. ಮಳೆ ಬಿದ್ರೆ ಮಣ್ಣು ಕುಂತ್ಕಂತದೆ. ಎತ್ತಿನ ಕಾಲು ಇಳೀತದೆ. ನಾವು ಈ ಒಲ ತಗಂಡಾಗಿಂದ ಇಂಗೇ."

"ಅಮ್ಮಾ, ಇಲ್ಲಿ ಯಾರೋ ಮುಚ್ಚಿಸಿದ ಬಾವಿ ಇದೆ."

ಬಾಯಿಂದ ಬಂದುಬಿಟ್ಟಿತು. ಗಮನಿಸಿ, ಸಿಂಗಾಪುರದ ಜಾಣ ಯಂತ್ರ ತಂದಿದ್ದರೆ ನಮಗೆ ಸಿಗುತ್ತಿದ್ದದ್ದು ತೂತಿನ ಕಾಸೊಂದೇ. ಲಾಳ, ಹಿಡಿ, ಕೊಂಡಿ, ರಾಟೆ ಎಲ್ಲ ಕಬ್ಬಿಣ, ಎಲ್ಲದಕ್ಕೂ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಬಾವಿಯ ಕಥೆ ಹೇಳಿದ್ದು ಕಸಕ್ಕೂ ಕೂಗುವ ಈ ಮುದಿಯಂತ್ರ. ಮಾವ ನನ್ನ ಕಡೆ ನೋಡಲೂ ಇಲ್ಲ, ಗುಬಟು ತಿರುಗಿಸುತ್ತಿದ್ದರು. ಗೆದ್ದವರು ಸುಮ್ಮನಿದ್ದರೆ ಸೋತವರಿಗೆ ಎಷ್ಟು ಉರಿಯುತ್ತದೆ, ಗೊತ್ತೇ?

ಉರಿಯಲು ಪುರುಸೊತ್ತಿರಲಿಲ್ಲ. ಮಾದಮ್ಮ ಆಗಲೇ ಮೈದುನನಿಗೆ ಅರಿಶಿನದ ಕಲ್ಲು ತರಲು ಹೇಳುತ್ತಿದ್ದಳು.

"ನಿಲ್ಲಿ ಅಮ್ಮಾ," ಎಂದೆ. "ಹಳೇ ಬಾವಿ ಇತ್ತು ಅಂದ್ರೆ ಆಗ ನೀರಿತ್ತು ಅಂತ ಮಾತ್ರ. ಈಗ ಇದೆ ಅಂತಲ್ಲ. ಬತ್ತಿದ್ದಕ್ಕೇ ಮುಚ್ಚಿಸಿರಬಹುದು. ಅಗೆದ ಬಾವಿ ನೀರು ಬೇರೆ, ಬಂಡೆ ಕೊರೆದು ಬರೋ ನೀರು ಬೇರೆ."

"ಅಂಗಾದ್ರೆ ಇಲ್ಲಿ ಇಲ್ಲವಾ?"

"ಇಲ್ಲ ಅಂತಾನೂ ಹೇಳಕ್ಕಾಗಲ್ಲ."

"ಕಲ್ಲು ಇರೋ ಜಾಗದಾಗೆ?"

"ಅಲ್ಲಿ ಇದೆ ಅನ್ನೋಕೆ ಯಾವ ಆಧಾರಾನೂ ಇಲ್ಲ. ಇದ್ದರೂ ಇರಬಹುದು."

ಮಾದಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಐತೆ ಅಂತೀಯ, ಇಲ್ಲ ಅಂತೀಯ. ನಿನಗಿಂತ ಆ ಕಾಯೇ ವಾಸಿ ಮಗಾ, ಒಂದೇ ಮಾತು ಏಳ್ತದೆ. ನಾಳೆ ಲಾರಿಯೋನು ಬಂದು 'ಎಲ್ಲಮ್ಮಾ' ಅಂದ್ರೆ ನಾನು 'ಇದ್ದರೂ ಇರಬಹುದು' ಅನ್ನಲಾ?"

ಮುನಿಯ ಬೇರೆ ಕಡೆ ತಿರುಗಿ ನಕ್ಕ. ಮಾವನೂ ನಕ್ಕಿರಬೇಕು, ಹೆಗಲು ಅಲುಗುತ್ತಿತ್ತು.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. "ಇದು ನಿನ್ನ ಒಲ ಆಗಿದ್ರೆ, ಎಮ್ಮೆ ಮಾರಿದ್ದು ನೀನೇ ಆಗಿದ್ರೆ, ಎಲ್ಲಿ ಆಕಿಸ್ತಿದ್ದೆ?"

ಡಿಬೇಟಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಪಕ್ಷವನ್ನು ಚೀಟಿ ಎತ್ತಿ ಕೊಡುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಸೋತರೆ ಕಪ್ ಹೋಗುತ್ತದೆ, ಎಮ್ಮೆ ಹೋಗುವುದಿಲ್ಲ. ಆಧಾರ ಸಾಲದು ಎಂದು ಹೇಳಿ ಬಸ್ ಹತ್ತಿಬಿಡಬಹುದಿತ್ತು. ಅದು ಪ್ರಾಮಾಣಿಕವೂ ಆಗಿರುತ್ತಿತ್ತು. ಆದರೆ ನಾನು ಬಾಯಿ ಮುಚ್ಚಿಕೊಂಡರೂ ನಾಳೆ ಲಾರಿ ಎಲ್ಲೋ ಒಂದು ಕಡೆ ಕೊರೆದೇ ಕೊರೆಯುತ್ತದೆ. ಎರಡರಲ್ಲಿ ಒಂದು ಜಾಗಕ್ಕೆ ಒಂದು ರಾಟೆಯಷ್ಟಾದರೂ ಕಾರಣವಿತ್ತು. ಇನ್ನೊಂದಕ್ಕೆ ಅದೂ ಇರಲಿಲ್ಲ.

ಕೈ ಎತ್ತಿ ತೋರಿಸಿದೆ. "ಮುಚ್ಚಿದ ಮಣ್ಣಿನ ಮೇಲೆ ಬೇಡ. ಅದರ ಪಕ್ಕ, ಗಟ್ಟಿ ನೆಲದಲ್ಲಿ. ಅಲ್ಲಿ."

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತ ಕೂತೆ. "ಏನೇ ಲಾಯರಮ್ಮಾ, ಗಂಟಲು ಕೆಟ್ಟೋಯ್ತಾ?" ಎಂದರು ಮಾವ. ಆಮೇಲೆ ಅವರೇ ಹೆಡ್‌ಫೋನನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಬಸ್ಸೆಲ್ಲ ತಗಡು, ಯಂತ್ರ ಸೇಲಂವರೆಗೂ ಒಂದೇ ಸಮನೆ ಕಿರುಚಿತು. ಆದರೂ ತೆಗೆಯಲು ಮನಸ್ಸಾಗಲಿಲ್ಲ. ವಾದವೇ ಇಲ್ಲದ ಸದ್ದು. ಮಾವ ಭಾನುವಾರಗಳನ್ನು ಯಾಕೆ ಹೀಗೆ ಕಳೆಯುತ್ತಾರೆಂದು ಸ್ವಲ್ಪ ಅರ್ಥವಾಯಿತು.

ಸೋಮವಾರ ಸಂಜೆ ಪೆನ್ನಾಗರಂ ಎಸ್‌ಟಿಡಿ ಬೂತಿನಿಂದ ಮುನಿಯನ ಫೋನು. ನೀರು ಬಂದಿತ್ತು. ಆಕಾಶಕ್ಕೆ ಚಿಮ್ಮುವಷ್ಟಲ್ಲ, ಒಂದು ಮೋಟಾರಿಗೆ ಸಾಕಾಗುವಷ್ಟು. ಫೋನಿಟ್ಟು ನಾನು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ. (ಆಧಾರ ಕೇಳುವವರಿಗೆ ಒಂದು ಮಾತು: ಇದರಿಂದ ಏನೂ ಸಾಬೀತಾಗುವುದಿಲ್ಲ. ಅಯ್ಯ ತೋರಿಸಿದ ಜಾಗದಲ್ಲಿ ಯಾರೂ ಕೊರೆದು ನೋಡಿಲ್ಲ. ಅಲ್ಲಿ ಇನ್ನೂ ಹೆಚ್ಚು ಇರಬಹುದು.)

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕಳೆದ ವಾರ ಮುನಿಯ ಸೇಲಂಗೆ ಬಂದ. ಜೊತೆಗೆ ಅವನೂರಿನವರೇ ಇಬ್ಬರು ರೈತರು. ಮಾವ ಖುಷಿಯಿಂದ ಯಂತ್ರ ಹೊರಗೆ ತಂದರು.

"ಅದು ಇರ್ಲಿ ಸಾರ್," ಎಂದ ಅವರಲ್ಲೊಬ್ಬ ಕೈ ಮುಗಿದು. "ಮಿಷನ್ ಬೇಡ. ನಮ್ಮ ಒಲಕ್ಕೆ ನಿಮ್ಮ ಉಡುಗೀನ ಕಳಿಸಿಕೊಡಿ. ಕೈ ತೋರ್ಸಿದ ಕಡೆ ನೀರು ಬರ್ತದಂತೆ."

ಕೂರಿಸಿ ಹೇಳಿದೆ. ಲಾಳ, ಹಿಡಿ, ರಾಟೆ, ಕುಸಿಯುವ ಮಣ್ಣು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಅಂಗೈ ಚಾಚಿಯೂ ತೋರಿಸಿದೆ. (ಅದನ್ನು ಅವರು ಭಕ್ತಿಯಿಂದ ನೋಡಿದರು.) ನನ್ನ ಜೀವನದ ಅತ್ಯುತ್ತಮ ಭಾಷಣ ಅದು. ಮೂರೂ ಜನ ತಲೆದೂಗುತ್ತ ಕೇಳಿದರು. ಮುಗಿದ ಮೇಲೆ ಹಿರಿಯ ರೈತ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ನೀವು ಏಳಿದ್ದೆಲ್ಲಾ ಸರಿ ತಾಯಿ," ಎಂದ. "ಯಾವತ್ತು ಬರ್ತೀರಿ?"

ನಂಬದವರನ್ನು ನಂಬಿಸುವುದು ನನಗೆ ಗೊತ್ತು. ನನ್ನನ್ನು ನಂಬಿದವರಿಗೆ, ನನ್ನನ್ನು ನಂಬಬೇಡಿ ಎಂದು ನಂಬಿಸುವುದು ಹೇಗೆ?