ರನ್‌ವೇಗೆ ಕಾಲಿಡದ ನನ್ನ ಗಂಡ

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಸಣ್ಣ ವಿಮಾನ ನಿಲ್ದಾಣವಿತ್ತು. ದೊಡ್ಡ ವಿಮಾನಗಳದ್ದಲ್ಲ, ಹಾರಲು ಕಲಿಯುವವರ ಪುಟ್ಟ ವಿಮಾನಗಳು ಅಲ್ಲಿ ಏರಿ ಇಳಿಯುತ್ತಿದ್ದವು. ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಗೌಂಡಿ ಕೆಲಸಕ್ಕೆಂದು ಬಂದ ನನ್ನ ಗಂಡ ಅದು ಹೇಗೋ ಅಲ್ಲಿ ಸೇರಿಕೊಂಡು ಇಪ್ಪತ್ತಾರು ವರ್ಷ ದುಡಿದರು. ದನ, ನಾಯಿ, ಮನುಷ್ಯ, ಯಾರೂ ರನ್‌ವೇ ಮೇಲೆ ಕಾಲಿಡದಂತೆ ನೋಡಿಕೊಳ್ಳುವುದು ಅವರ ನೌಕರಿ. ಆ ಗತ್ತು ನೋಡಿದರೆ ವಿಮಾನ ಹಾರಿಸುವವರೇ ಇವರು ಅನ್ನಬೇಕು.

ಆಮೇಲೆ ನಿಲ್ದಾಣ ಮುಚ್ಚಿತು. ಬೇಲಿ ಕಿತ್ತು, ಮರ ನೆಟ್ಟು, ಬೆಂಚು ಹಾಕಿ ಗಾರ್ಡನ್ ಮಾಡಿದರು. ರನ್‌ವೇ ಮಾತ್ರ ಹಾಗೇ ಇದೆ. ಈಗ ಅದರ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ, ಗುಜರಾತಿ ಅಜ್ಜಿಯರು ಚಪ್ಪಾಳೆ ತಟ್ಟುತ್ತ ನಡೆಯುತ್ತಾರೆ. ಒಂದೂವರೆ ಕೋಣೆಯಲ್ಲಿ ಸಂಸಾರ ಮಾಡಿದವಳು ನಾನು. ಅಷ್ಟೊಂದು ಆಕಾಶ ಕಂಡು ಹಬ್ಬವೇ ಆಯಿತು.

ಕಳೆದ ವರ್ಷ ನಮ್ಮವರಿಗೆ ಲಕ್ವಾ ಹೊಡೆಯಿತು. ಎಡಗಾಲು ಎಳೆಯತೊಡಗಿತು. ದಿನಾ ಸಮನೆಲದಲ್ಲಿ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಮ್ಮ ಗಲ್ಲಿಯಲ್ಲಿ ಸಮನೆಲ ಎಲ್ಲಿಂದ ತರುವುದು? ಕೈ ಹಿಡಿದು ಗಾರ್ಡನ್ನಿಗೆ ಕರೆದೊಯ್ದೆ. ರನ್‌ವೇ ಅಂಚಿನ ಬಿಳಿ ಗೆರೆ ಬಂದದ್ದೇ ನಿಂತುಬಿಟ್ಟರು.

"ನಾ ಇದರ ಮ್ಯಾಲೆ ಕಾಲಿಡಂಗಿಲ್ಲ."

"ಅಲ್ರೀ, ಈಗ ವಿಮಾನ ಎಲ್ಲಿ ಐತ್ರಿ? ಮಂದಿ ಎಲ್ಲಾ ಅಡ್ಡಾಡಾಕತ್ತಾರ."

"ಅಡ್ಡಾಡ್ಲಿ. ಇಷ್ಟ್ ವರ್ಷ ಮಂದೀನ ಬೈದು ಓಡ್ಸೀನಿ. ಈಗ ನಾನ ವಾಕಿಂಗ್ ಮಾಡ್ಲೇನು?"

ಹೋಗಿ ಬೆಂಚಿನ ಮೇಲೆ ಕೂತರು. ಒಂದು ವಾರ ಇದೇ ಕಥೆ. ಬೈದೆ, ಗೋಗರೆದೆ, ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆ. ಆ ಕಾಲು ಹೋದರೆ ಇವರೇ ಕುಗ್ಗಿಹೋಗುತ್ತಾರೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಒಂದು ಬೆಳಿಗ್ಗೆ ನಮ್ಮೆದುರೇ ಒಂದು ಹುಡುಗಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಚಕ್ರ ಒಂದು ಕಲ್ಲಿನ ಮೇಲೆ ಹತ್ತಿ ಜಾರಿತ್ತು. ಆಗ ನೆನಪಾಯಿತು: ಹಿಂದೆ ಪ್ರತಿದಿನ ಮೊದಲ ವಿಮಾನ ಹಾರುವ ಮುನ್ನ ಇವರು ರನ್‌ವೇ ಉದ್ದಕ್ಕೂ ನಡೆದು ಕಲ್ಲು, ಮೊಳೆ ಹೆಕ್ಕಬೇಕಿತ್ತು.

"ಇವತ್ತ ಕಲ್ಲು ಯಾರು ಆರಿಸ್ಯಾರ್ರಿ?" ಎಂದು ಸುಮ್ಮನೆ ಕೇಳಿದೆ.

ಅವರು ಬೆಂಚು ಹಿಡಿದು ಎದ್ದರು. ಕೋಲೂರಿ, ಕಾಲೆಳೆಯುತ್ತ ಬಿಳಿ ಗೆರೆ ದಾಟಿಯೇಬಿಟ್ಟರು. ನಾನು ಹಿಂದೆಯೇ ಹೋದೆ.

ಅಂದಿನಿಂದ ಅದೇ ನಮ್ಮ ದಿನಚರಿ. ಅವರು ಕೋಲಿನಿಂದ ತೋರಿಸುವುದು, ನಾನು ಬಗ್ಗಿ ಹೆಕ್ಕಿ ಚೀಲಕ್ಕೆ ಹಾಕುವುದು. ಅಕ್ಕಿಯಲ್ಲಿ ಕಲ್ಲು ಆರಿಸಿ ಎಂದರೆ ಕಣ್ಣು ಕಾಣದು ಎನ್ನುವ ಮಹಾಶಯರಿಗೆ ಇಲ್ಲಿ ಕಡಲೆಕಾಳಿನಷ್ಟು ಹರಳೂ ಕಾಣುತ್ತಿತ್ತು. ನನ್ನ ಸೊಂಟದ ಗತಿ ಕೇಳುವವರಿಲ್ಲ. ಆದರೂ ಖುಷಿಯಾಗಿದ್ದೆ. ಮೊದಲು ಹತ್ತು ಹೆಜ್ಜೆ, ಆಮೇಲೆ ನೀರಿನ ನಲ್ಲಿಯವರೆಗೆ, ಹೀಗೆ ತಿಂಗಳುಗಳು ಕಳೆದು, ಕೊನೆಗೊಂದು ದಿನ ರನ್‌ವೇಯ ಆ ತುದಿ ಮುಟ್ಟಿದೆವು.

ನಾನು ಅಲ್ಲೇ ನೆಲಕ್ಕೆ ಕೂತೆ. "ಸಾಕ್ರಿ ಇನ್ನ. ಆ ಗೇಟಿನ ಹತ್ರ ರಿಕ್ಷಾ ಸಿಗತಾವು, ಮನಿಗೆ ಹೋಗೂಣು."

ಅವರು ಬಂದ ದಾರಿಯನ್ನೇ ತಿರುಗಿ ನೋಡುತ್ತಿದ್ದರು.

"ಇದು ಒಂದ ಬದಿ ಆತು. ಹೊಳ್ಳಿ ಹೋಗೂಮುಂದ ಇನ್ನೊಂದ ಬದಿ ನೋಡಬೇಕು. ಅರ್ಧಾ ಬಿಟ್ಟು ಹೋದ್ರ ಅದೇನು ಕೆಲಸ?"

ನನಗೆ ಏಳಲು ಆಗುತ್ತಿರಲಿಲ್ಲ. ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನಗೆ ಕೈ ಕೊಟ್ಟರು.