ಖಚಿತವಿಲ್ಲ ಎಂದು ಗುರುತು ಹಾಕಿದವಳು

ಇಸ್ಮಾಯಿಲ್ ಭಾಯ್, ನಿಮ್ಮ ಕೆಲಸ ಕಸಿದದ್ದು ಕಂಪ್ಯೂಟರ್ ಅಲ್ಲ, ನಾನು. ಆರು ವರ್ಷದಿಂದ ನೀವು ನಂಬಿಕೊಂಡು ಬಂದದ್ದು ಸುಳ್ಳು — ಆ ಸುಳ್ಳನ್ನು ನಿಮಗೆ ಹೇಳಿದವಳೂ ನಾನೇ.

ಕಾಮಾಕ್ಷಿಪಾಳ್ಯದ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಆಗ ನಲವತ್ತು ಜನ. ಸರಕು ಕಳಿಸುವ ಕೆಲಸ ನಿಮ್ಮದು, ಆಫೀಸಿನ ಕಾಗದಪತ್ರ ನನ್ನದು. ಸೇರಿದ ಹೊಸತರಲ್ಲಿ ಇಡೀ ಒಂದು ಲೋಡಿಗೆ ನಾನು ತಪ್ಪು ವಿಳಾಸ ಬರೆದಿದ್ದೆ. ನೀವು ಲಾರಿಯನ್ನು ಮಾಗಡಿ ರಸ್ತೆಯಲ್ಲೇ ತಡೆದು ವಾಪಸ್ ತರಿಸಿ, ಯಜಮಾನರ ಎದುರು "ನಂದೇ ತಪ್ಪು ಸಾರ್" ಅಂದಿರಿ.

ಆಮೇಲೆ ವಿದೇಶಿ ಖರೀದಿದಾರರ ಹೊಸ ನಿಯಮ ಬಂತು. ಅವರ ಸರ್ಕಾರ ಯಾರ್ಯಾರ ಮೇಲೋ ಹಣಕಾಸಿನ ನಿರ್ಬಂಧ ಹೇರಿ ಹೆಸರುಗಳ ಪಟ್ಟಿ ಮಾಡಿತ್ತು. ಆ ಪಟ್ಟಿಯವರು ಯಾರೂ ನಮ್ಮಲ್ಲಿಲ್ಲ ಎಂದು ನಾವು ಬರೆದುಕೊಡಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ವಕೀಲರಿರುತ್ತಾರಂತೆ. ನಮ್ಮಲ್ಲಿದ್ದದ್ದು ನಾನು, ಒಂದು ಹಳೆಯ ಕಂಪ್ಯೂಟರ್. ನಲವತ್ತು ಹೆಸರು ತುಂಬಿದೆ. ಮೂವತ್ತೊಂಬತ್ತಕ್ಕೆ ಒಪ್ಪಿಗೆ ಸಿಕ್ಕಿತು. ನಿಮ್ಮದು ಸಿಕ್ಕಿಬಿತ್ತು — ಆ ಪಟ್ಟಿಯಲ್ಲಿ ಯಾವುದೋ ದೇಶದ, ನಿಮ್ಮದೇ ಹೆಸರಿನ ಒಬ್ಬ ಮನುಷ್ಯನಿದ್ದ.

ನೀವು ನಕ್ಕಿರಿ. "ನನ್ನ ಹೆಸರಿನವರು ನಮ್ಮ ಬೀದೀಲೇ ಮೂರು ಜನ ಇದಾರೆ ಮೇಡಮ್" ಅಂದಿರಿ. ಮರುದಿನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದುಕೊಟ್ಟಿರಿ. ತಂದೆಯ ಹೆಸರು ಬೇರೆ, ಹುಟ್ಟಿದ ತಾರೀಖು ಬೇರೆ. ಆ ಮನುಷ್ಯ ನಿಮಗಿಂತ ಇಪ್ಪತ್ತು ವರ್ಷ ದೊಡ್ಡವನು.

ಹೀಗೆ ಸಿಕ್ಕಿಬಿದ್ದ ಹೆಸರಿಗೆಂದು ಖರೀದಿದಾರರು ಕಳಿಸಿದ ಅರ್ಜಿಯಲ್ಲಿ ಮೂರು ಚೌಕಗಳಿದ್ದವು: ಇವರೇ ಅವರು, ಇವರು ಅವರಲ್ಲ, ಖಚಿತವಾಗಿ ಹೇಳಲಾಗದು. "ಇವರು ಅವರಲ್ಲ" ಎಂದರೆ ಕೆಳಗೆ ಸಹಿ ಹಾಕಬೇಕಿತ್ತು — ತಪ್ಪಾದರೆ ಕಾನೂನಿನಂತೆ ನಾನೇ ಹೊಣೆ ಎಂದು. ಯಜಮಾನರು ಓದಿ ಕಾಗದವನ್ನು ನನ್ನ ಕಡೆಗೇ ಸರಿಸಿದರು.

"ನೋಡಮ್ಮ ಸುಮಿತ್ರಾ, ಆರ್ಡರ್ ಹೋದ್ರೆ ಎಲ್ಲರೂ ಮನೇಗೆ. ನಾನು ಹಾಕು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಸೈನ್ ನಿಂದು."

ಯಾವ ದೇಶದ ಕಾನೂನು, ಯಾರು ಬಂದು ಹಿಡಿಯುತ್ತಾರೆ — ಏನೂ ತಿಳಿಯಲಿಲ್ಲ. ಅರ್ಜಿಯಲ್ಲಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ರೆಕಾರ್ಡಿನ ದನಿ. ಮೇಲ್ ಕಳಿಸಿದರೆ ಉತ್ತರವಾಗಿ ಅದೇ ಅರ್ಜಿ ಮತ್ತೆ ಬಂತು. ಹನ್ನೊಂದು ವರ್ಷ ನಿಮ್ಮನ್ನು ಬಲ್ಲವಳು ನಾನು — ಮಾರ್ಕ್ಸ್ ಕಾರ್ಡ್ ಮೇಜಿನ ಮೇಲೇ ಇತ್ತು — ಆದರೂ ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಕಾರ್ಡನ್ನು ಜೊತೆಗೆ ಕಳಿಸಲೇ ಇಲ್ಲ. ಕಳಿಸಿದ್ದರೆ, ಗೊತ್ತಿದ್ದೂ ಹೀಗೇಕೆ ಬರೆದೆ ಎಂದು ಕೇಳುತ್ತಿದ್ದರು.

ಒಂದು ವಾರಕ್ಕೆ ಖರೀದಿದಾರರಿಂದ ಆದೇಶ ಬಂತು: ಈ ವ್ಯಕ್ತಿ ಕಾರ್ಖಾನೆಯಲ್ಲಿ ಇರಕೂಡದು.

"ನಿಮ್ಮ ಕಾಗದ ಎಲ್ಲಾ ಕಳಿಸಿದೆ ಭಾಯ್," ಎಂದೆ. "ಕಂಪ್ಯೂಟರ್ ಒಪ್ತಿಲ್ಲ."

ನೀವು ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತಾ, "ನೀವೇನ್ ಮಾಡಕ್ಕಾಗತ್ತೆ ಬಿಡಿ" ಅಂದಿರಿ. ಆಮೇಲೆ ಸುತ್ತಲಿನ ಇನ್ನೆರಡು ಕಾರ್ಖಾನೆಗಳೂ ನಿಮ್ಮನ್ನು ತೆಗೆದುಕೊಳ್ಳಲಿಲ್ಲವೆಂದು ಕೇಳಿದೆ. ಅವರದೂ ಅದೇ ಖರೀದಿದಾರರು. ನಾನು ಹಾಕಿದ ಗುರುತು ನಿಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಹೋದ ತಿಂಗಳು ಬ್ಯಾಡರಹಳ್ಳಿಯಲ್ಲಿ ನಿಮ್ಮನ್ನು ಕಂಡೆ. ಅಂಗಡಿಯೊಂದರ ಮುಂದೆ ಸಿಮೆಂಟ್ ಮೂಟೆ ಇಳಿಸುತ್ತಿದ್ದಿರಿ, ಈ ವಯಸ್ಸಿನಲ್ಲಿ. ಊಟ ತಂದಿದ್ದ ಹೆಂಡತಿಗೆ, ನನಗೂ ಅರ್ಥವಾಗಲಿ ಎಂದು ಕನ್ನಡದಲ್ಲೇ ಹೇಳಿದಿರಿ.

"ಇವರೇ ಕಣೇ ಸುಮಿತ್ರಾ ಮೇಡಮ್. ನನಗೋಸ್ಕರ ಎಷ್ಟು ಒದ್ದಾಡಿದ್ರು ಗೊತ್ತಾ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಮರುದಿನವೇ ನಿಜ ಬರೆದು ಖರೀದಿದಾರರಿಗೆ ಕಳಿಸಿದೆ. ಹಳೆಯ ಪ್ರಕರಣಗಳನ್ನು ಮತ್ತೆ ತೆರೆಯುವುದಿಲ್ಲ ಎಂದು ಉತ್ತರ ಬಂತು. ಇನ್ನು ಯಾರಿಗೆ ಬರೆಯಬೇಕೋ ಗೊತ್ತಿಲ್ಲ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಆ ಅರ್ಜಿಯ ಪ್ರತಿ ತರುತ್ತೇನೆ, ನಿಮ್ಮ ಹೆಂಡತಿಯ ಎದುರಿಗೇ ಇದನ್ನೆಲ್ಲ ಓದುತ್ತೇನೆ. ಎದ್ದು ಹೋಗು ಅಂದರೆ ಹೋಗುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ, ಭಾಯ್ — ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.